ವಾಡಿಯೊಳಗ ಆ ಪುಸ್ತಕ ನಡೆಯಂಗಿಲ್ಲ

ಕ್ರೂಸರ್ ತಗೊಂಡೀನಿ ಅಂದ್ರ
ಚಿತ್ತಾಪುರದ ಕಾಕಾ ಕೇಳಿದ, ಎಷ್ಟು ಸೀಟು ಹಿಡೀತದ?
ನಮ್ಮ ಕಡಿ ಕ್ರೂಸರ್ ಅಂದ್ರ
ಮ್ಯಾಲೆ ಮೂಟಿ, ಹಿಂದ ಜೋತಾಡೋ ಹುಡುಗರು,
ಶಹಾಬಾದಿಗಿ ಹೊಂಟ ಜೀಪು.
ಅದಲ್ಲ ಕಾಕಾ, ಎರಡೇ ಗಾಲಿ,
ಕುರ್ಚಿ ಮ್ಯಾಲ ಕುಂತಂಗ ಕುಂದರಬೇಕು, ಕಾಲು ಮುಂದ ಚಾಚಬೇಕು.
ಅಂವ ಜರಾ ಹೊತ್ತು ಸುಮ್ಮನಿದ್ದ.
ಹೆಣ್ಣುಮಗಳು, ಕಾಲು ಚಾಚಿ?

ನಾ ಮಾಲುಗಾಡಿ ಓಡಸಾಕಿ.
ಐವತ್ತೆಂಟು ಡಬ್ಬಿ ಸಿಮೆಂಟ್ ಎಳಕೊಂಡು
ರಾತ್ರಿ ಎರಡಕ್ಕ ಗುಂತಕಲ್ ಮುಟ್ಟಿಸಾಕಿ.
ಖರೆ, ಎಂಜಿನ್ ಬಿಚ್ಚೋ ಮಂದಿ ಬ್ಯಾರೆ, ಶೆಡ್ಡು ಬ್ಯಾರೆ.
ನಂದೇನಿದ್ರೂ ಹಾರ್ನು, ಬ್ರೇಕು, ಸಹಿ.
ಯಾರೋ ಹನ್ನೆರಡು ವರ್ಷ ಹೊಡೆದು ಬಿಟ್ಟ ಗಾಡಿ ಮುಂದ
ಮೂವತ್ತೆಂಟರ ನಾನು ಒಂದನೇತ್ತಿ ಪೋರಿ.

ಸ್ಟೇಷನ್ ಹಿಂದಿನ ಬೇವಿನ ಗಿಡದ ಬುಡಕ ಲಾಡ್ಲೇಸಾಬನ ಅಂಗಡಿ.
ಪ್ರಶ್ನೆ ವಹಿಯೊಳಗ ಬರಕೊಂಡು ಹೋಗಿದ್ದೆ.
ಏರ್ ಫಿಲ್ಟರ್ ಎಷ್ಟು ಕಿಲೋಮೀಟರಿಗೊಮ್ಮೆ ಝಾಡಿಸಬೇಕ್ರಿ?
ಕಂಪನಿ ಪುಸ್ತಕದಾಗ ಹಿಂಗದ.
ಅಂವ ಫಿಲ್ಟರ್ ಹೊರಗ ತಗದು
ಫರಸಿಕಲ್ಲಿಗಿ ಒಮ್ಮೆ ಬಡಿದ.
ಬೂದಿಬಣ್ಣದ ಸಣ್ಣದೊಂದು ಗುಡ್ಡಾ ಬಿತ್ತು.
"ಪುಸ್ತಕ ಬರದಂವ ವಾಡಿಯೊಳಗ ಅರಬಿ ಒಣಗಹಾಕಿಲ್ಲ ಅಕ್ಕೋರೆ.
ಹಗ್ಗದ ಮ್ಯಾಲಿನ ಬಿಳಿ ಅಂಗಿ ನೋಡ್ಕೋತ ಇರ್ರಿ."

ಟೈರು ಛಲೋ ಅವ ಅಂದಿದ್ದ ಮಾರಿದಂವ.
ಲಾಡ್ಲೇಸಾಬ ಉಗುರು ಒತ್ತಿದ, ಉಗುರು ಇಳೀಲಿಲ್ಲ.
ಗೋಡಿ ಮ್ಯಾಲಿನ ನಾಕು ಅಂಕಿ ಉಜ್ಜಿ ಓದಿಸಿದ:
ವಾರ ಇಷ್ಟು, ಇಸವಿ ಇಷ್ಟು.
"ಗಾಡಿ ಜೋಡಿನೇ ಹುಟ್ಯಾವ. ಹಲ್ಲು ಅವ, ಜೀವ ಇಲ್ಲ."

ಚೈನಿಗಿ ಎಣ್ಣಿ?
ಐದುನೂರಕ್ಕೊಮ್ಮೆ. ಮೊದಲ ತೊಳೀರಿ, ಒಣಗಸ್ರಿ,
ಎಂಜಿನ್ ಬಂದ್ ಇಟ್ಟು ಗಾಲಿ ಕೈಲೆ ತಿರುವ್ರಿ.
ಚಾಲೂ ಇಟ್ಟು ತಿರುವಿದಂವನ ಬೆರಳು ನೋಡ್ರಿ ಅಂತ
ತಂದೇ ತೋರಿಸಿದ.
ಅರ್ಧ ಇತ್ತು.
ಅದೊಂದು ನಾ ಬರಕೊಳ್ಳಲಿಲ್ಲ.

ಎಂಜಿನ್ ಎಣ್ಣಿ ನೋಡಬೇಕಂದ್ರ ಗಾಡಿ ನೆಟ್ಟಗ ನಿಂದರಬೇಕು.
ಇದಕ್ಕ ನಡುವಿನ ಸ್ಟ್ಯಾಂಡೇ ಇಲ್ಲ, ಯಾವಾಗೂ ಎಡಕ್ಕ ವಾಲಿದ್ದು.
ಒಬ್ಬರು ಹಿಡೀಬೇಕು, ಒಬ್ಬರು ಬಗ್ಗಿ ನೋಡಬೇಕು.
"ಮನ್ಯಾಗ ಯಾರ್ಯಾರು ಇರ್ತೀರಿ?"
ನಾ ಹಾಳಿ ತಿರುವಿದೆ.

ಕಡೀ ಹಾಳಿ ಮ್ಯಾಲ, ಪೆನ್ಸಿಲ್‌ಲೆ, ಸಣ್ಣಕ್ಷರ:
ಬಿದ್ರ?
"ಕೆಡವಿದ್ರೇನು?"
ಇಲ್ಲ. ಬಿದ್ರ, ಒಬ್ಬಾಕಿ ಎತ್ತೂದು ಹೆಂಗ?
ಅಂವ ನಗ್ತಾನ ಅನ್ಕೊಂಡಿದ್ದೆ.
ಕೈ ವರಿಸ್ಕೊಂಡ.
"ಮಾರಿ ಮಾಡಿ ಎತ್ತಿದ್ರ ನಡ ಹೋಗ್ತದ. ಬೆನ್ನು ಕೊಡ್ರಿ.
ಪೆಟ್ರೋಲ್ ಬಂದ್ ಮಾಡ್ರಿ, ಗೇರಿನ್ಯಾಗ ಇಡ್ರಿ.
ಬಲಕ್ಕ ಬಿದ್ದಿದ್ರ ಸ್ಟ್ಯಾಂಡ್ ಮೊದಲ ಬಿಚ್ರಿ,
ಇಲ್ಲಾಂದ್ರ ಎದ್ದದ್ದು ಆ ಕಡಿ ಬೀಳ್ತದ.
ಸೀಟಿಗಿ ಬೆನ್ನು ಹಚ್ಚಿ, ತೊಡಿಲೆ ಎತ್ತಬೇಕು, ಕೈಲೆ ಅಲ್ಲ.
ಸಣ್ಣ ಹೆಜ್ಜಿ. ಹಿಂದಕ್ಕ."

ಐತವಾರ ನಸುಕಿನ್ಯಾಗ, ಕ್ವಾರ್ಟರ್ಸಿನ ಅಂಗಳದಾಗ
ಎರಡು ಕೌದಿ ಹಾಸಿ
ಗಾಡಿ ಮೆಲ್ಲಕ ಮಲಗಿಸಿದೆ, ಬಲಕ್ಕ.
ಬೆನ್ನು ಕೊಟ್ಟೆ.
ಚಪ್ಪಲಿ ಜಾರಿತು. ಚಪ್ಪಲಿ ಬಿಟ್ಟೆ.
ಎರಡನೇ ಸರ್ತಿ ಕೌದಿನೇ ಜೋಡಿ ಬಂತು.
ದೂರ ಯಾರ್ಡಿನ್ಯಾಗ ಡಬ್ಬಿಗಿ ಡಬ್ಬಿ ಬಡೀತು, ಸಾಲಾಗಿ,
ಆ ಸಪ್ಪಳ ಮುಗಿಯೂದ್ರೊಳಗ
ಬೆನ್ನಿಂದಿನ ಭಾರ ಹಗುರಾಗಿ
ಸ್ಟ್ಯಾಂಡಿನ ಮ್ಯಾಲ ಕುಂತಿತು.

ಬಂಡೆಪ್ಪನ ಹೆಂಡ್ತಿ ಕಮಳಾಬಾಯಿ
ಬಾಯಿತುಂಬ ಪೇಸ್ಟು ಇಟ್ಕೊಂಡು ಗೋಡಿ ಮ್ಯಾಲಿಂದ ನೋಡ್ಲತ್ತಿದ್ದಳು.
ಎಷ್ಟೊತ್ತಾಗಿತ್ತೋ.
"ಮಲಗಿಸೂದ್ಯಾಕ, ಎಬ್ಬಸೂದ್ಯಾಕ?"
ಬಾಯಿ ಮುಕ್ಕಳಿಸಿ ಬರ್ರಿ, ಜರಾ ಹಿಡೀರಿ ನೆಟ್ಟಗ.
ಆಕಿ ಹಿಡದಳು, ಎರಡೂ ಕೈಲೆ, ಎಮ್ಮಿ ಕೋಡು ಹಿಡದಂಗ.
ಸ್ವಲ್ಪ ಹೊತ್ತು ಬಿಟ್ಟು ನಾ ಮಣ್ಣಾಗ ಮಂಡಿ ಊರಿ ಬಗ್ಗಿದೆ.
ಬಟ್ಟನಷ್ಟು ಕಿಟಕಿ.
ಎಣ್ಣಿ, ಕೆಳಗಿನ ಗೆರಿಗಿಂತ ಒಂದು ಕೂದಲು ಕಮ್ಮಿ.